ದೇಹಬಿಂಬ ಮತ್ತು ಕ್ಷೇಮ: ಶಿರಸಿ, ಸಿದ್ದಾಪುರ, ಯಲ್ಲಾಪುರ

ದೇಹಬಿಂಬವೆಂದರೆ ಮನುಷ್ಯ ತನ್ನ ಮೈಯ ಬಗ್ಗೆ ಮನಸ್ಸಿನಲ್ಲಿ ಕಟ್ಟಿಕೊಂಡ ಚಿತ್ರ. ಮೈಯ ಗಾತ್ರ, ಬಣ್ಣ, ಎತ್ತರ, ಬಲ, ಊನಗಳ ತಿಳಿವಿನ ಜೊತೆಗೆ ಅವುಗಳ ಕುರಿತ ಹೆಮ್ಮೆ, ನಾಚಿಕೆ, ಅಂಜಿಕೆಗಳೂ ಆ ಚಿತ್ರದಲ್ಲಿ ಸೇರಿರುತ್ತವೆ. ಆಸ್ಟ್ರಿಯಾದ ಮನೋವೈದ್ಯ ಪಾಲ್ ಶಿಲ್ಡರ್ 1935ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಪರಿಕಲ್ಪನೆ ಮನಶ್ಶಾಸ್ತ್ರದಲ್ಲಿ ನೆಲೆಯೂರಿತು. ಕನ್ನಡಿಯ ಮುಂದೆ ನಿಂತಾಗ ಕಾಣುವುದು ಈ ಚಿತ್ರದ ಒಂದು ಪಾಲು. ನೆಂಟರು, ನೆರೆಯವರು, ಶಾಲೆಯ ಜೊತೆಗಾರರು ಆಡಿದ ಮಾತುಗಳಿಂದ ಮೂಡಿದ್ದು ಉಳಿದ ಪಾಲು. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಮೂರು ತಾಲ್ಲೂಕುಗಳಲ್ಲಿ ಈ ಎರಡನೆಯ ಪಾಲೇ ದೊಡ್ಡದು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಕಾಡು, ಬೆಟ್ಟ, ಕಣಿವೆಯ ಅಡಿಕೆ ತೋಟಗಳ ಸೀಮೆ. ಒಂದು ಮನೆಯಿಂದ ಇನ್ನೊಂದು ಮನೆಗೆ ತೋಟವನ್ನೋ ಹಳ್ಳವನ್ನೋ ದಾಟಿ ಹೋಗಬೇಕು. ಹವ್ಯಕರು, ನಾಮಧಾರಿಗಳು, ಕರೆಒಕ್ಕಲಿಗರು, ಕುಣಬಿಗಳು, ಮರಾಠಿಗಳು, ಗೌಳಿಗಳು, ಸಿದ್ದಿಗಳು, ಮುಸ್ಲಿಮರು, ಕ್ರೈಸ್ತರು ಇಲ್ಲಿ ಬದುಕುತ್ತಾರೆ. ಹಳ್ಳಿ ಬೇರೆ, ಪೇಟೆ ಬೇರೆ ಎಂದು ಎರಡು ಹೋಳು ಮಾಡಿ ನೋಡುವ ರೂಢಿ ಈ ಸೀಮೆಗೆ ಪೂರ್ತಿ ಒಗ್ಗುವುದಿಲ್ಲ. ಅಪ್ಪ ತೋಟದಲ್ಲಿ, ಮಗಳು ಶಿರಸಿಯ ಬಾಡಿಗೆ ಕೋಣೆಯಲ್ಲಿ ಇದ್ದುಕೊಂಡು ಕಾಲೇಜಿನಲ್ಲಿ, ಮಗ ಬೆಂಗಳೂರಿನ ಫ್ಲಾಟಿನಲ್ಲಿ: ಇದು ಇಲ್ಲಿನ ಸಾಮಾನ್ಯ ಕುಟುಂಬದ ನಕ್ಷೆ. ಮೈಯ ಬಗೆಗಿನ ಮಾತು ಈ ಮೂರು ಕಡೆಗಳ ನಡುವೆ ದಿನವೂ ಫೋನಿನಲ್ಲಿ ಓಡಾಡುತ್ತಿರುತ್ತದೆ.

ಕ್ಷೇಮಕ್ಕೆ ಇಲ್ಲಿ ಬಾಯಿಗೆ ಬರುವ ಮಾತು ‘ಆರಾಮ’. ಯಾರೇ ಎದುರಾದರೂ ಮೊದಲು ಕೇಳುವುದು ಆರಾಮವೇ ಎಂದು. ಆ ಒಂದು ಪದದಲ್ಲಿ ಮೈ, ಮನಸ್ಸು, ಮನೆ, ತೋಟ ಎಲ್ಲದರ ಸ್ಥಿತಿಯೂ ಅಡಗಿದೆ. ಮೈ ಬೇರೆ ಮನಸ್ಸು ಬೇರೆ ಎಂದು ಎರಡು ಪ್ರಶ್ನೆ ಕೇಳುವ ರೂಢಿಯಿಲ್ಲ. ಮನಸ್ಸು ಕುಗ್ಗಿದವರೂ ‘ಮೈ ಸರಿಯಿಲ್ಲ’, ‘ಊಟ ಸೇರುತ್ತಿಲ್ಲ’ ಎಂದೇ ಹೇಳುತ್ತಾರೆ. ಕೇಳುವವರೂ ಮೊದಲು ಮುಖ ನೋಡುತ್ತಾರೆ, ಆಮೇಲೆ ತೋಳು. ಊರಿಗೆ ಬಂದ ಮೊಮ್ಮಗನಿಗೆ ಹವ್ಯಕರ ಮನೆಯಲ್ಲಿ ಅಜ್ಜಿ ಕೇಳುವುದು, ‘ಎಂತಕ್ಕೆ ತಮಾ, ಸೊರಗಿದ್ದೆ?’ ಎಂದು. ಸೊರಗುವುದು ಇಲ್ಲಿ ಚಂದದ ಲಕ್ಷಣವಲ್ಲ. ಅನ್ನ ಸರಿ ಸಿಗಲಿಲ್ಲ, ನಿದ್ದೆ ಬರಲಿಲ್ಲ, ಯಾವುದೋ ಚಿಂತೆ ಹತ್ತಿದೆ ಎಂಬುದರ ಗುರುತು. ಅದೇ ಮೊಮ್ಮಗ ಬೆಂಗಳೂರಿನಲ್ಲಿ ಆರು ತಿಂಗಳು ಓಡಿ, ಅನ್ನ ಬಿಟ್ಟು, ಐದು ಕಿಲೋ ಇಳಿಸಿ ಬಂದಿರಬಹುದು. ಅಜ್ಜಿಯ ಕಳವಳ, ಮೊಮ್ಮಗನ ಹೆಮ್ಮೆ ಎರಡೂ ನಿಜ, ಎರಡೂ ಒಂದೇ ಮೈಯ ಮೇಲಿನವು.

ದುಡಿಮೆಯ ಮೈ

ಅಡಿಕೆ ಸೀಮೆಯಲ್ಲಿ ಮೈಗೆ ಬೆಲೆ ಬಂದದ್ದು ಅದು ಏನು ಮಾಡಬಲ್ಲದು ಎಂಬುದರಿಂದ. ಕೊನೆಕೊಯ್ಲಿನ, ಅಂದರೆ ಅಡಿಕೆ ಗೊಂಚಲು ಕೊಯ್ಯುವ, ದಿನಗಳಲ್ಲಿ ಮರವೇರುವ ಕೊನೆಗೌಡನಷ್ಟು ಬೇಡಿಕೆ ಇನ್ನಾರಿಗೂ ಇಲ್ಲ. ಕಾಲಿಗೆ ತಳೆ ತೊಟ್ಟು ತೆಳ್ಳನೆಯ ಅಡಿಕೆ ಮರ ಏರಿ, ತುದಿಯಲ್ಲಿ ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟಿಕೊಳ್ಳುವ ಅವನ ಮೈ ಹಗುರವಾಗಿರಬೇಕು, ಕೈಕಾಲು ಬಿಗಿಯಾಗಿರಬೇಕು. ಅವನನ್ನು ಯಾರೂ ಬಡಕಲು ಎನ್ನುವುದಿಲ್ಲ. ಮಳೆಗಾಲಕ್ಕೆ ಮೊದಲು ಕೊಳೆರೋಗಕ್ಕೆ ಮದ್ದು ಹೊಡೆಯುವವನದ್ದೂ ಇದೇ ಮೈ. ಬೋರ್ಡೋ ದ್ರಾವಣದ ನೀಲಿ ಅವನ ಅಂಗಿಗೆ ಅಂಟಿ ಹೋಗಿರುತ್ತದೆ. ಬೆಟ್ಟದಿಂದ ಸೊಪ್ಪಿನ ಹೊರೆ ತರುವ, ರಾತ್ರಿ ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂತು ಅಡಿಕೆ ಸುಲಿಯುವ ಹೆಂಗಸರ ಕುತ್ತಿಗೆ, ಸೊಂಟ, ಬೆರಳುಗಳು ಬೇರೆ ಬಗೆಯಲ್ಲಿ ರೂಪುಗೊಂಡವು. ಸಂಜೆ ಸೊಂಟನೋವೆಂದು ಗೋಡೆಗೊರಗಿದ ಹೆಂಗಸಿಗೆ ತನ್ನ ಸೊಂಟದ ಸುತ್ತಳತೆ ಎಷ್ಟು ಎಂಬ ಪ್ರಶ್ನೆ ಹೊಳೆಯುವುದೇ ಇಲ್ಲ.

ಇದನ್ನು ಹಳ್ಳಿಯ ನೆಮ್ಮದಿ ಎಂದು ಹೊಗಳಿ ಮುಂದೆ ಹೋಗುವುದು ತಪ್ಪಾಗುತ್ತದೆ. ದುಡಿಮೆಯಿಂದ ಅಳೆಯುವ ಊರಿನಲ್ಲಿ ದುಡಿಯಲಾರದ ಮೈ ಬೇಗ ಬೆಲೆ ಕಳೆದುಕೊಳ್ಳುತ್ತದೆ. ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಗಂಡಸರ ಕಥೆ ಈ ತಾಲ್ಲೂಕುಗಳ ಯಾವ ಊರಿನಲ್ಲಿ ಕೇಳಿದರೂ ಸಿಗುತ್ತದೆ. ಹಾಸಿಗೆ ಹಿಡಿದ ಅಂಥವನ ದೇಹಬಿಂಬದ ಗಾಯ ಯಾವ ತೂಕದ ಚಾರ್ಟಿನಲ್ಲೂ ದಾಖಲಾಗುವುದಿಲ್ಲ: ನಿನ್ನೆಯವರೆಗೆ ಊರಿನ ತೋಟಗಳೆಲ್ಲ ಕಾಯುತ್ತಿದ್ದ ಮೈ ಇಂದು ಒಂದು ಲೋಟ ನೀರಿಗೆ ಇನ್ನೊಬ್ಬರನ್ನು ಕಾಯುತ್ತದೆ.

ಹೆಣ್ಣಿನ ಮೈಗೆ ಮನೆಯೊಳಗೇ ಬೇರೆ ಲೆಕ್ಕ ಇತ್ತು. ಮುಟ್ಟಾದವರು ಮೂರು ದಿನ ‘ಹೊರಗೆ’ ಕೂರುವ ರೂಢಿ ಹಲವು ಮನೆಗಳಲ್ಲಿ ಇಂದಿಗೂ ಪೂರ್ತಿ ಹೋಗಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ತನ್ನ ಮೈಯೇ ಮೈಲಿಗೆ ಎಂದು ಕಲಿಸುವ ಮೊದಲ ಪಾಠ ಅದು. ಬ್ರಾಹ್ಮಣ ಮನೆಗಳಲ್ಲಿ ವಿಧವೆಯ ತಲೆ ಬೋಳಿಸಿ ಕೆಂಪು ಸೀರೆ ಉಡಿಸುತ್ತಿದ್ದ ಪದ್ಧತಿ ಕಳೆದ ಶತಮಾನದಲ್ಲಿ ಮರೆಯಾಯಿತಾದರೂ, ಹಾಗೆ ಬದುಕಿದ ಅಜ್ಜಿಯಂದಿರನ್ನು ಕಂಡವರು ಇನ್ನೂ ಇದ್ದಾರೆ. ಹೆಂಗಸಿನ ರೂಪವನ್ನು ಊರೇ ಸೇರಿ ಕಿತ್ತುಕೊಳ್ಳುವ ಆ ಕ್ರಮಕ್ಕಿಂತ ಕಠೋರವಾದುದನ್ನು ಇಂದಿನ ಯಾವ ಜಾಹೀರಾತೂ ಮಾಡಿಲ್ಲ. ಇದೇ ಸಮಾಜ ಬಾಣಂತನದಲ್ಲಿ ಅದೇ ಮೈಯನ್ನು ಅಕ್ಕರೆಯಿಂದ ನೋಡಿಕೊಂಡಿತು: ಎಣ್ಣೆ, ಬಿಸಿನೀರು, ಸೊಂಟಕ್ಕೆ ಬಿಗಿದ ಬಟ್ಟೆ, ತುಪ್ಪ, ಕಾಳುಮೆಣಸು, ತವರಿನಲ್ಲಿ ವಿಶ್ರಾಂತಿ. ಹೆತ್ತ ಮೈ ದಪ್ಪಗಾಗುವುದು ಆಗ ಸಹಜವಾಗಿತ್ತು, ಬೇಕಾದದ್ದೂ ಆಗಿತ್ತು. ನಗರದ ಬಾಣಂತಿಗೆ ಮೂರನೆಯ ತಿಂಗಳಿಗೇ ಹಳೆಯ ಉಡುಪು ಹಿಡಿಸಬೇಕೆಂಬ ಒತ್ತಡ.

ಲಕ್ಷಣ ಮತ್ತು ಬಣ್ಣ

‘ಕೂಸು ಲಕ್ಷಣ ಇದ್ದು’ ಎಂಬುದು ಹವ್ಯಕ ಮನೆಗಳಲ್ಲಿ ಹುಡುಗಿಯ ಬಗ್ಗೆ ಕೇಳಬಹುದಾದ ಒಳ್ಳೆಯ ಮಾತು. ಲಕ್ಷಣ ಎಂಬುದು ಬಿಳುಪಲ್ಲ, ತೆಳುವಲ್ಲ. ಮುಖದ ಕಳೆ, ನಡೆ, ನಗು, ನೋಟ ಎಲ್ಲ ಸೇರಿದ ಒಂದು ಒಪ್ಪ. ಕಪ್ಪಾದವಳೂ ಲಕ್ಷಣವಾಗಿರಬಹುದು ಎಂಬ ಒಪ್ಪಿಗೆ ಆ ಪದದಲ್ಲಿ ಇದೆ. ಆದರೆ ಮದುವೆಯ ಮಾತು ಶುರುವಾದೊಡನೆ ಪದಕೋಶ ಬದಲಾಗುತ್ತದೆ. ಗೋಧಿ ಬಣ್ಣ, ಎಣ್ಣೆಗೆಂಪು, ಸಾಧಾರಣ ಕಪ್ಪು ಎಂದು ಮೆಟ್ಟಿಲುಗಳು ಹುಟ್ಟಿಕೊಳ್ಳುತ್ತವೆ. ಹಿಂದುಸ್ತಾನ್ ಲಿವರ್ 1975ರಲ್ಲಿ ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ತಂದಾಗ ಈ ಆಸೆ ಹೊಸದಾಗಿರಲಿಲ್ಲ. ಕಡಲೆಹಿಟ್ಟು, ಅರಿಸಿನಗಳು ಅದಕ್ಕೂ ಮೊದಲೇ ಬಚ್ಚಲಲ್ಲಿದ್ದವು. ಕೆಲಸ, ಗಂಡ, ಗೌರವ ಎಲ್ಲವೂ ಬಣ್ಣದ ಹಿಂದೆ ಬರುತ್ತವೆ ಎಂಬ ಕಥೆಯನ್ನು ಕ್ರೀಮಿನ ಜಾಹೀರಾತು ಮನೆಮನೆಗೆ ಮುಟ್ಟಿಸಿತು. ಬಣ್ಣದ ಆಧಾರದ ಮೇಲೆ ಯಾರನ್ನೂ ಕೀಳಾಗಿ ತೋರಿಸಬಾರದೆಂದು ಭಾರತದ ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. 2020ರಲ್ಲಿ ಕ್ರೀಮಿನ ಹೆಸರು ಗ್ಲೋ ಅಂಡ್ ಲವ್ಲಿ ಎಂದಾಯಿತು. ಹಳ್ಳಿಯ ಅಂಗಡಿಯಲ್ಲಿ ಅದನ್ನು ಹಳೆಯ ಹೆಸರಿನಲ್ಲೇ ಕೇಳುತ್ತಾರೆ.

ಕಳೆದ ಎರಡು ದಶಕಗಳಲ್ಲಿ ಮದುವೆಯ ನೋಟ ತಿರುವು ಪಡೆದಿದೆ. ಊರಿನಲ್ಲಿ ಉಳಿದು ತೋಟ ಮಾಡುವ ಗಂಡುಗಳಿಗೆ ಹೆಣ್ಣು ಸಿಗದಿರುವುದು ಮೂರೂ ತಾಲ್ಲೂಕುಗಳ ದೊಡ್ಡ ನೋವು. ಮೂವತ್ತೈದು ದಾಟಿದ ‘ಮಾಣಿ’ಗಳು (ಹುಡುಗರು) ಈಗ ತಾವೇ ನೋಡಿಸಿಕೊಳ್ಳುವ ಸ್ಥಾನದಲ್ಲಿದ್ದಾರೆ. ಉದುರುವ ಕೂದಲು, ಬಿಸಿಲಿಗೆ ಕಂದಿದ ಮುಖ, ಎಲೆಯಡಿಕೆಯ ಕವಳದಿಂದ ಕೆಂಪಾದ ಹಲ್ಲು ಒಂದೊಂದೂ ಅವರಿಗೆ ತಮ್ಮ ನಿರಾಕರಣೆಯ ಕಾರಣದಂತೆ ಕಾಣುತ್ತದೆ. ನಿಜವಾದ ಕಾರಣ ಊರಿನ ಬದುಕಿನ ಬಗ್ಗೆ ಹುಡುಗಿಯರಿಗಿರುವ ಅನುಮಾನ. ಒಂಟಿ ಮನೆ, ಮುಗಿಯದ ಕೆಲಸ, ದೂರದ ಆಸ್ಪತ್ರೆ. ಆದರೆ ನಿರಾಕರಿಸಿದವರು ಕಾರಣ ಹೇಳದಿದ್ದಾಗ ಮನುಷ್ಯ ಕನ್ನಡಿಯಲ್ಲಿ ಕಾರಣ ಹುಡುಕುತ್ತಾನೆ. ಗಂಡಸರ ದೇಹಬಿಂಬದ ಬಗ್ಗೆ ಮಾತೇ ಇಲ್ಲದ ಸಮಾಜದಲ್ಲಿ ಈ ಕೊರಗು ಕುಡಿತವಾಗಿಯೋ ಮೌನವಾಗಿಯೋ ಹೊರಬೀಳುತ್ತದೆ.

ಕವಳದ ಮಾತು ಬಂದದ್ದರಿಂದ ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕವಳದ ಬಟ್ಟಲು ಮುಂದಿಡುವುದು ಈ ಸೀಮೆಯ ಅತಿಥಿಸತ್ಕಾರದ ಮೊದಲ ಹೆಜ್ಜೆ. ಕೆಂಪು ತುಟಿ ಒಂದು ಕಾಲಕ್ಕೆ ಚಂದವೂ ಹೌದು, ಉಂಡು ತಣಿದುದರ ಗುರುತೂ ಹೌದು. ಪೇಟೆಗೆ ಹೋದ ಮಕ್ಕಳಿಗೆ ಅದೇ ಕಲೆ ಹಳ್ಳಿಯ ಗುರುತಾಗಿ ಹಲ್ಲು ತೋರಿಸಿ ನಗಲು ಸಂಕೋಚವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿಲ್ಲದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರರಲ್ಲಿ ಇದರ ಬಗ್ಗೆ ತೀವ್ರ ಅಸಮಾಧಾನವಿದೆ. ಅಡಿಕೆ ಅಗಿಯುವವರಲ್ಲಿ ಬಾಯಿಯ ಒಳಪದರ ಗಡುಸಾಗಿ ಬಾಯಿ ತೆರೆಯುವುದೇ ಕಷ್ಟವಾಗುವ ರೋಗ ಮಾತ್ರ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಬದುಕು ಕೊಟ್ಟ ಬೆಳೆಯ ಬಗ್ಗೆ ಹೀಗೆ ಬರೆಯುವುದು ಸುಲಭವಲ್ಲ, ಬರೆಯದಿರುವುದು ಸರಿಯೂ ಅಲ್ಲ.

ಸಿದ್ದಿಗಳ ಅನುಭವ

ದೇಹಬಿಂಬದ ಪಾಶ್ಚಾತ್ಯ ಅಧ್ಯಯನಗಳು ಬಹುಪಾಲು ದಪ್ಪ–ತೆಳುವಿನ ಸುತ್ತ ತಿರುಗುತ್ತವೆ. ಯಲ್ಲಾಪುರದ ಕಾಡಂಚಿನ ಸಿದ್ದಿ ಕೇರಿಗಳಲ್ಲಿ ಆ ಪ್ರಶ್ನೆ ಬಹಳ ಸಣ್ಣದು. ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇವರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ಭಾಗಗಳಲ್ಲಿ ನೆಲೆಸಿದ್ದಾರೆ. ಇವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಮತದವರಿದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ನುಡಿ, ಹೊರಗೆ ಕನ್ನಡ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆತದ್ದು 2003ರಲ್ಲಿ.

ತಲೆತಲಾಂತರದಿಂದ ಇದೇ ಮಣ್ಣಿನಲ್ಲಿ ಹುಟ್ಟಿ ಬೆಳೆದ ಸಿದ್ದಿ ಹುಡುಗ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಬಸ್ಸಿನಿಂದ ಇಳಿದರೆ ಯಾವ ದೇಶದವನೆಂದು ಕೇಳುತ್ತಾರೆ; ಕನ್ನಡದಲ್ಲಿ ಉತ್ತರಿಸಿದರೆ ಬೆರಗಾಗುತ್ತಾರೆ. ಶಾಲೆಯಲ್ಲಿ ಗುಂಗುರು ಕೂದಲನ್ನು ಮುಟ್ಟಿ ನೋಡುವ ಕೈಗಳು, ಹೆಸರಿಗೆ ಬದಲು ಬಣ್ಣ ಹಿಡಿದು ಕರೆಯುವ ಬಾಯಿಗಳು. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ನಡೆಸಿತು. ಅವಳು ಮಾಡದ ಅಪಘಾತಕ್ಕೆ ಅವಳ ಬಣ್ಣವೇ ಗುರುತಾಯಿತು. ಅಂಥ ನಗರಕ್ಕೆ ಕೆಲಸ ಹುಡುಕಿಕೊಂಡು ಹೋಗುವ ಸಿದ್ದಿ ಯುವಕನ ಅಂಜಿಕೆಗೆ ತೂಕದ ಅಳತೆಗೋಲು ಏನು ಹೇಳೀತು?

ಹೊರಗಿನವರು ಈ ಮೈಯನ್ನು ಹೊಗಳಿದಾಗಲೂ ಒಂದು ತೊಡಕಿತ್ತು. 1980ರ ದಶಕದ ಕೊನೆಯಲ್ಲಿ, ಮಾರ್ಗರೆಟ್ ಆಳ್ವರು ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆಯ್ದು ಓಟ, ಜಿಗಿತಗಳಲ್ಲಿ ತರಬೇತಿ ಕೊಟ್ಟಿತು. ಆಫ್ರಿಕಾದ ರಕ್ತಕ್ಕೆ ಪದಕ ತಾನಾಗಿ ಬರುತ್ತದೆ ಎಂಬ ಎಣಿಕೆ ಆ ಆಯ್ಕೆಯ ಹಿಂದಿತ್ತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಾಗ, ಮೊದಲ ಬಾರಿಗೆ ತಮ್ಮ ಮೈಯ ಬಗ್ಗೆ ಹೊಗಳಿಕೆ ಕೇಳಿದ್ದ ಮಕ್ಕಳು ಊರಿಗೆ, ಕೂಲಿಗೆ ಮರಳಿದರು. ಮೈಯನ್ನು ಮೆಚ್ಚುವುದು ಬೇರೆ, ಮೈಯೊಳಗಿನ ಮನುಷ್ಯನನ್ನು ಕಾಣುವುದು ಬೇರೆ.

ಆ ಕಾಣ್ಕೆ ಬೇರೆ ದಾರಿಯಿಂದ ಬಂತು. ಡಮಾಮಿ ಕುಣಿತ ಮತ್ತು ಹಳೆಯ ಬಟ್ಟೆಯ ತುಂಡುಗಳಿಂದ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಹೊರಜಗತ್ತಿಗೆ ಅವರನ್ನು ಕಲಾವಿದರೆಂದು ಪರಿಚಯಿಸಿದವು. ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯ ರಂಗಚಟುವಟಿಕೆ ಮತ್ತು ಹೆಗ್ಗೋಡಿನ ನೀನಾಸಮ್ ಸಿದ್ದಿ ಯುವಜನರಿಗೆ ವೇದಿಕೆಯಾದವು. ಪ್ರಶಾಂತ್ ಸಿದ್ದಿ ರಂಗಭೂಮಿಯಿಂದ ಕನ್ನಡ ಚಿತ್ರರಂಗಕ್ಕೆ ಬಂದರೆ, ಗಿರಿಜಾ ಸಿದ್ದಿ ನಟಿಯಾಗಿ, ಗಾಯಕಿಯಾಗಿ ಹೆಸರಾದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಶಾಸನಸಭೆ ಹೊಕ್ಕ ಮೊದಲ ಸಿದ್ದಿಯಾದರು. ಪತ್ರಿಕೆಯಲ್ಲಿ ಅವರ ಮುಖ ಕಂಡ ಸಿದ್ದಿ ಹುಡುಗಿಗೆ ಅದು ತನ್ನ ಮುಖದಂತೆಯೇ ಇರುವ ಮುಖ.

ವೇಷದ ಮೈ

ಈ ಸೀಮೆಯವರಿಗೆ ಮೈ ಬದಲಾಯಿಸಿಕೊಳ್ಳುವ ಕಲೆ ಹೊಸದಲ್ಲ. ಯಕ್ಷಗಾನದಲ್ಲಿ ಸಪೂರ ಮೈಯ ಕೃಷಿಕನೊಬ್ಬ ಬಟ್ಟೆ ಸುತ್ತಿ, ಮುಂಡಾಸು ಕಟ್ಟಿ, ಮುಖಕ್ಕೆ ಬಣ್ಣ ಹಚ್ಚಿ ರಾತ್ರಿಯ ಮಟ್ಟಿಗೆ ಕೌರವನಾಗುತ್ತಾನೆ. ಮೀಸೆ ಬೋಳಿಸಿದ ಯುವಕ ದ್ರೌಪದಿಯಾಗುತ್ತಾನೆ. ಸ್ತ್ರೀವೇಷದವರನ್ನು ನೋಡಿ ಹೆಣ್ಣಿನ ಬೆಡಗು ಕಲಿಯಬೇಕು ಎಂದು ಹಿಂದಿನವರು ಮೆಚ್ಚಿ ಆಡುತ್ತಿದ್ದರು. ಶಿರಸಿ ಸೀಮೆಯ ಗುರು ಹೊಸ್ತೋಟ ಮಂಜುನಾಥ ಭಾಗವತರು ದೃಷ್ಟಿಯಿಲ್ಲದ ಮಕ್ಕಳಿಗೂ ಯಕ್ಷಗಾನ ಕಲಿಸಿದರು. ಕನ್ನಡಿಯನ್ನು ಎಂದೂ ಕಾಣದವರು ತಾಳ, ಹೆಜ್ಜೆ, ಸ್ಪರ್ಶಗಳಿಂದಲೇ ತಮ್ಮ ಮೈಯನ್ನು ಅರಿತು ರಂಗದ ಮೇಲೆ ಕುಣಿದರು. ದೇಹಬಿಂಬ ಕಣ್ಣಿನ ಸೊತ್ತಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಶಿರಸಿಯ ಹೋಳಿಯಲ್ಲಿ, ಮಾರಿಕಾಂಬೆಯ ಜಾತ್ರೆಯಿಲ್ಲದ ವರ್ಷ, ಬೇಡರ ವೇಷ ಬೀದಿಗಿಳಿಯುತ್ತದೆ. ನವಿಲುಗರಿ, ದೊಡ್ಡ ಮೀಸೆ, ಕತ್ತಿ, ಗುರಾಣಿ, ಆಚೀಚೆ ಹಗ್ಗ ಹಿಡಿದು ತಡೆಯುವವರು. ಹಗಲು ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ದುಡಿಯುವ ಸಾಮಾನ್ಯ ಮೈಕಟ್ಟಿನ ಹುಡುಗ ಆ ರಾತ್ರಿ ಊರೇ ಹೆದರಿ ಹಿಂದೆ ಸರಿಯುವ ಆಕಾರವಾಗುತ್ತಾನೆ.

ಗಿರೀಶ ಕಾರ್ನಾಡರು (1938–2019) ಬಾಲ್ಯ ಕಳೆದದ್ದು ಇದೇ ಶಿರಸಿಯಲ್ಲಿ. ತಂದೆ ಇಲ್ಲಿ ಸರ್ಕಾರಿ ವೈದ್ಯರಾಗಿದ್ದರು. ತಾಯಿ ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ, ನರ್ಸಿಂಗ್ ಕಲಿತು, ಮರುಮದುವೆಯಾದವರು ಎಂಬುದನ್ನು ಕಾರ್ನಾಡರು ತಮ್ಮ ಆತ್ಮಕಥೆ ‘ಆಡಾಡತ ಆಯುಷ್ಯ’ದಲ್ಲಿ (2011) ಹೇಳಿಕೊಂಡಿದ್ದಾರೆ. ಯಕ್ಷಗಾನವನ್ನು ಹುಡುಗನಾಗಿದ್ದಾಗಲೇ ಕಂಡ ಈ ನಾಟಕಕಾರ 1971ರ ‘ಹಯವದನ’ದಲ್ಲಿ ಎತ್ತಿದ ಪ್ರಶ್ನೆ ದೇಹಬಿಂಬದ್ದೇ. ಬುದ್ಧಿವಂತ ದೇವದತ್ತನ ತಲೆಗೆ ಗಟ್ಟಿಮುಟ್ಟಾದ ಕಪಿಲನ ಮೈ ಅಂಟುತ್ತದೆ, ಕಪಿಲನ ತಲೆಗೆ ದೇವದತ್ತನ ಮೈ. ದೇವದತ್ತನ ಹೆಂಡತಿ ಪದ್ಮಿನಿಗೆ ಬುದ್ಧಿ, ಬಲ ಎರಡೂ ಸಿಕ್ಕಂತಾಗುತ್ತದೆ. ಆದರೆ ದುಡಿಯದ ಮೈ ಮೆತ್ತಗಾಗುತ್ತದೆ, ಕಾಡಿನಲ್ಲಿ ದುಡಿದ ಇನ್ನೊಂದು ಮೈ ಬಲಿಯುತ್ತದೆ. ಪ್ರತಿ ತಲೆಯೂ ತನ್ನ ಹಳೆಯ ಮೈಯನ್ನೇ ಮರಳಿ ರೂಪಿಸಿಕೊಳ್ಳುತ್ತದೆ. ತೋಟ ಬಿಟ್ಟು ಕಂಪ್ಯೂಟರಿನ ಮುಂದೆ ಕೂತ ಈ ಸೀಮೆಯ ಮಕ್ಕಳ ಮೈಗೆ ಆದದ್ದೂ ಇದೇ ಎನ್ನಿಸುತ್ತದೆ.

ಪರದೆ ಮತ್ತು ಪೇಟೆ

1954ರಲ್ಲಿ ಅಮೆರಿಕದ ಲಿಯಾನ್ ಫೆಸ್ಟಿಂಜರ್, ಮನುಷ್ಯ ತನ್ನನ್ನು ಇತರರೊಡನೆ ಹೋಲಿಸಿಯೇ ಬೆಲೆ ಕಟ್ಟಿಕೊಳ್ಳುತ್ತಾನೆ ಎಂಬ ಸಿದ್ಧಾಂತ ಮಂಡಿಸಿದ. ಹಳ್ಳಿಯ ಹುಡುಗಿಗೆ ಹೋಲಿಕೆಗೆ ಇದ್ದವರು ಅಕ್ಕತಂಗಿಯರು, ಜೊತೆಗೆ ಓದುವವರು. 1994ರಲ್ಲಿ ಉದಯ ಟಿವಿ ಶುರುವಾದ ಮೇಲೆ ಆ ಸಾಲಿಗೆ ಧಾರಾವಾಹಿಯ ಸೊಸೆಯರು ಬಂದರು. 1996ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ರೈತ ಸಂಘ, ಮಹಿಳಾ ಸಂಘಟನೆಗಳು ಬೀದಿಗಿಳಿದವು. ಈಜುಡುಗೆಯ ಸುತ್ತನ್ನು ಸೇಶಲ್ಸ್ ದ್ವೀಪಕ್ಕೆ ಸಾಗಿಸಲಾಯಿತು.

ಟಿವಿ ಮಾಡಿದ ಬದಲಾವಣೆಯನ್ನು ಅಚ್ಚುಕಟ್ಟಾಗಿ ಅಳೆದದ್ದು ದೂರದ ಫಿಜಿಯಲ್ಲಿ. ಅಲ್ಲಿಯೂ ಮೈತುಂಬಿಕೊಂಡವರಿಗೆ ಮೆಚ್ಚುಗೆ, ಸೊರಗಿದವರ ಬಗ್ಗೆ ಕಳವಳ. ನಮ್ಮ ಅಜ್ಜಿಯಂದಿರ ನೋಟವೇ. ನಡ್ರೋಗ ಎಂಬಲ್ಲಿಗೆ 1995ರಲ್ಲಿ ಟಿವಿ ಬಂತು. ಆ್ಯನ್ ಬೆಕರ್ ಎಂಬ ಸಂಶೋಧಕಿ ಹದಿಹರೆಯದ ಹುಡುಗಿಯರನ್ನು ಆಗ ಒಮ್ಮೆ, 1998ರಲ್ಲಿ ಮತ್ತೊಮ್ಮೆ ಪರೀಕ್ಷಿಸಿದಾಗ, ಊಟದ ಬಗ್ಗೆ ಅಸ್ವಸ್ಥ ಧೋರಣೆ ತೋರಿದವರು ನೂರಕ್ಕೆ 12.7ರಿಂದ 29.2ಕ್ಕೆ ಏರಿದ್ದರು. ತೂಕ ಇಳಿಸಲೆಂದು ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ; ಮೂರು ವರ್ಷಗಳಲ್ಲಿ ನೂರಕ್ಕೆ 11.3 ಆದರು.

ನಮ್ಮ ಮಲೆನಾಡಿಗೆ ಸ್ಮಾರ್ಟ್‌ಫೋನು ಮತ್ತು ಅಗ್ಗದ ಡೇಟಾ ಒಟ್ಟಿಗೆ ಬಂದದ್ದು 2016ರ ನಂತರ. ಸಿಗ್ನಲ್ ಸಿಗುವ ಗುಡ್ಡದ ತಲೆ ಎಲ್ಲಿದೆಯೆಂದು 2020ರ ಆನ್‌ಲೈನ್ ಪಾಠದ ದಿನಗಳಲ್ಲಿ ಮಕ್ಕಳಿಗೆಲ್ಲ ಗೊತ್ತಾಯಿತು. ಅದೇ ಗುಡ್ಡದ ಮೇಲೆ ಫಿಲ್ಟರ್ ಹಾಕಿದ ತಮ್ಮ ಮುಖವೂ ಅವರಿಗೆ ಸಿಕ್ಕಿತು. ಇದು ಟಿವಿಯ ಸೊಸೆಗಿಂತ ಹತ್ತಿರದ ಎದುರಾಳಿ: ಮೊಡವೆಯಿಲ್ಲದ, ಬಿಳುಪಾದ, ಗಲ್ಲ ಸಪೂರವಾದ ತಾನೇ. ಶಾಲೆಯಲ್ಲಿ ಡುಮ್ಮಿ, ಕಡ್ಡಿ, ಕುಳ್ಳ, ಕರಿಯ, ಸೋಡಾಬುಡ್ಡಿ ಎಂಬ ಅಡ್ಡಹೆಸರುಗಳು ಮೊದಲಿನಿಂದಲೂ ಇದ್ದವು. ಸಂಜೆ ಮನೆ ಸೇರಿದರೆ ಅವು ಗೇಟಿನಾಚೆ ಉಳಿಯುತ್ತಿದ್ದವು. ಈಗ ತರಗತಿಯ ಗ್ರೂಪಿನಲ್ಲಿ ರಾತ್ರಿಯೂ ಬರುತ್ತವೆ.

ಅಳತೆಗಳು

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ 15–49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 17.2 ಜನ ತೂಕ ಕಡಿಮೆಯಿದ್ದವರು, 30.1 ಜನ ತೂಕ ಹೆಚ್ಚಿದ್ದವರು. ಹಿಂದಿನ ಸಮೀಕ್ಷೆಯಲ್ಲಿ (2015–16) ಇವು 20.7 ಮತ್ತು 23.3 ಇದ್ದವು. ರಕ್ತಹೀನತೆ ಮಾತ್ರ 44.8ರಿಂದ 47.8ಕ್ಕೆ ಏರಿತು. ಅಂದರೆ ಮೈ ತುಂಬಿದೆ, ರಕ್ತ ತುಂಬಿಲ್ಲ. ‘ಮೈ ಬಂದಿದೆ, ಆರಾಮಿದ್ದಾಳೆ’ ಎಂದು ಹೊರನೋಟಕ್ಕೆ ಹೇಳುವಂತಿಲ್ಲ.

ಸಪೂರವಾಗಿದ್ದರೆ ಆರೋಗ್ಯ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಅವರ ತಂಡ ಅಲ್ಲಿನ ಹಳ್ಳಿಗಳ ನವಜಾತ ಶಿಶುಗಳಲ್ಲಿ, ತೂಕ ಕಡಿಮೆ ಇದ್ದರೂ ಕೊಬ್ಬಿನ ಪಾಲು ಹೆಚ್ಚಿರುವುದನ್ನು ತೋರಿಸಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಕಾಪಾಡಿಕೊಂಡು ಬಂದ ಜನನ ದಾಖಲೆಗಳು ಹುಟ್ಟುವಾಗಿನ ಗಾತ್ರಕ್ಕೂ ಮುಂದೆ ಬರುವ ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೂ ಇರುವ ನಂಟನ್ನು ಹುಡುಕಲು ನೆರವಾದವು. ಇಂಥ ಕಾರಣಗಳಿಂದ ಭಾರತೀಯರಲ್ಲಿ ದೇಹತೂಕ ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ವೈದ್ಯರು ಎಣಿಸುತ್ತಾರೆ; ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್.

ದೇಹಬಿಂಬವನ್ನು ಅಳೆಯಲು 1983ರಿಂದ ಬಳಕೆಯಲ್ಲಿರುವ ಸಾಧನವೊಂದರಲ್ಲಿ ತೆಳುವಿನಿಂದ ದಪ್ಪದವರೆಗೆ ಒಂಬತ್ತು ಆಕೃತಿಗಳಿವೆ. ನಿಮ್ಮ ಮೈ ಯಾವುದು, ನಿಮಗೆ ಬೇಕಾದ ಮೈ ಯಾವುದು ಎಂದು ತೋರಿಸಬೇಕು. ಈ ಸೀಮೆಯಲ್ಲಿ ಅದನ್ನು ಹಿಡಿದು ಹೊರಟವರು ಬಣ್ಣ, ಕೂದಲು, ಹಲ್ಲು, ಮುಟ್ಟು, ಮುರಿದ ಬೆನ್ನು ಯಾವುದನ್ನೂ ಕೇಳಿದಂತಾಗುವುದಿಲ್ಲ. ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ, ಊಟ ಬಿಟ್ಟು ಸೊರಗಿದ ತನ್ನ ಹಲವು ರೋಗಿಗಳು ದಪ್ಪಗಾಗುವ ಭಯವನ್ನು ಹೇಳುವುದೇ ಇಲ್ಲ, ಹಸಿವಿಲ್ಲ, ಹೊಟ್ಟೆ ಉಬ್ಬರ ಎನ್ನುತ್ತಾರೆ ಎಂದು ದಾಖಲಿಸಿದ್ದ. ‘ಊಟ ಸೇರುತ್ತಿಲ್ಲ’ ಎಂಬ ನಮ್ಮ ಮಾತನ್ನೂ ವೈದ್ಯರು ಅಷ್ಟೇ ಎಚ್ಚರದಿಂದ ಕೇಳಿಸಿಕೊಳ್ಳಬೇಕು.

ನೆರವು

ಮನೋವೈದ್ಯಕೀಯ ಸೇವೆಯನ್ನು ಹಳ್ಳಿಗೆ ಮುಟ್ಟಿಸುವ ದೇಶದ ಮಾದರಿ ರೂಪುಗೊಂಡದ್ದು ಕರ್ನಾಟಕದಲ್ಲೇ, 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದಿಂದ. ಘಟ್ಟದ ಮೇಲಿನವರಿಗೆ ಹತ್ತಿರದ ದೊಡ್ಡ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ಸರ್ಕಾರಿ ಆಸ್ಪತ್ರೆಗಳ ಸ್ನೇಹಾ ಕ್ಲಿನಿಕ್‌ಗಳು ಹದಿಹರೆಯದವರಿಗಾಗಿ ಇವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬಸ್ಸು ಹಿಡಿಯಬೇಕಿಲ್ಲ, ಆಸ್ಪತ್ರೆಯ ಮೆಟ್ಟಿಲಲ್ಲಿ ಪರಿಚಯದವರು ಕಾಣುತ್ತಾರೆಂಬ ಅಂಜಿಕೆಯೂ ಬೇಡ. ಊರೆಲ್ಲ ನೆಂಟರೇ ಆಗಿರುವ ಕಡೆ ಈ ಎರಡನೆಯ ಅನುಕೂಲ ಮೊದಲನೆಯದಕ್ಕಿಂತ ದೊಡ್ಡದು. ಮನೆಗೆ ಬರುವ ಆಶಾ ಕಾರ್ಯಕರ್ತೆಯೂ ಅಂಗನವಾಡಿಯ ಅಕ್ಕನೂ ಹುಡುಗಿಯರು ಬಾಯಿಬಿಟ್ಟು ಮಾತಾಡುವ ಮೊದಲ ಹಿರಿಯರು. ತೂಕ ನೋಡುವುದನ್ನು ಅವರಿಗೆ ಕಲಿಸಲಾಗಿದೆ. ತೂಕದ ಬಗ್ಗೆ ನೋಯದಂತೆ ಮಾತಾಡುವುದನ್ನೂ ಕಲಿಸಬೇಕಾಗಿದೆ.

ದುಡಿಯುವ ಮೈಗೂ ಒಂದು ಹೊಸ ನೆರವು ಬಂದಿದೆ. ತೋಟದಲ್ಲಿ ಕೊನೆಗೌಡರ ಸಂಖ್ಯೆ ಕರಗುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಕಾರ್ಬನ್ ಫೈಬರಿನ ಹಗುರ ದೋಟಿ ಬಂದಿದೆ; ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಮದ್ದೂ ಹೊಡೆಯಬಹುದು. ಬೀಳುವ ಭಯವಿಲ್ಲದ್ದರಿಂದ ಕಾಲೇಜು ಮುಗಿಸಿದ ಹುಡುಗರೂ ಕಲಿಯಲು ಬರುತ್ತಿದ್ದಾರೆ. ದಿನವಿಡೀ ಕತ್ತು ಮೇಲೆತ್ತಿ ನಿಲ್ಲುವ ಈ ಕೆಲಸಕ್ಕೆ ಕಾಲಿಗಿಂತ ಭುಜ, ಕುತ್ತಿಗೆಯ ಬಲ ಹೆಚ್ಚು ಬೇಕು. ಸಂಜೆ ಅವರು ಹೇಳುವ ನೋವೂ ಅಪ್ಪಂದಿರ ನೋವಿಗಿಂತ ಬೇರೆ ಜಾಗದ್ದು.